ತೊಗಟೆಯ ಮರೆಯ ಬಾಳು: ಮೆಟಾರ್ಬೆಲಿಡೀ ಕುಟುಂಬದ ಪತಂಗಗಳನ್ನು ಕುರಿತು

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಪ್ರಕೃತಿವಿಜ್ಞಾನದ ಒಂದು ವಿಷಯವನ್ನು ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ, ಪಂಡಿತರೂ ಪಾಮರರೂ ಒಟ್ಟಿಗೆ ಕುಳಿತು ಕೇಳುವಂತೆ ಪ್ರತಿಪಾದಿಸಬೇಕೆಂಬ ಉದಾರವಾದ ಸಂಕಲ್ಪದಿಂದ ಹುಟ್ಟಿದ ಈ ದತ್ತಿಯ ಆಶ್ರಯದಲ್ಲಿ ಮಾತನಾಡುವ ಅವಕಾಶವನ್ನು ಕಲ್ಪಿಸಿಕೊಟ್ಟುದಕ್ಕಾಗಿ ತಮ್ಮೆಲ್ಲರಿಗೂ ನಾನು ಕೃತಜ್ಞನಾಗಿದ್ದೇನೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟುದರಿಂದ, ವರ್ಷದ ಬಹುಭಾಗ ನಮ್ಮ ಕಣ್ಣೆದುರಿಗೇ ಬಾಳುತ್ತಿದ್ದರೂ ನಮ್ಮಲ್ಲಿ ಹೆಚ್ಚಿನವರು ಹೆಸರನ್ನು ಸಹ ಕೇಳದಿರುವ ಒಂದು ಪತಂಗಕುಟುಂಬವನ್ನು ಈ ದಿನ ತಮ್ಮ ಮುಂದಿಡಬೇಕೆಂದು ನಿಶ್ಚಯಿಸಿದೆನು. ಕೀಟಶಾಸ್ತ್ರಜ್ಞರು ಅದನ್ನು ಮೆಟಾರ್ಬೆಲಿಡೀ ಎಂದು ಕರೆಯುತ್ತಾರೆ. ನಮ್ಮ ತೋಟಗಾರರಿಗೆ ಅದರ ಪರಿಚಯವಿರುವುದು ತೊಗಟೆ ತಿನ್ನುವ ಹುಳು ಎಂದು.

ಹಳೆಯ ಮಾವಿನ ತೋಪಿಗೋ ಹಿತ್ತಿಲಿನ ಸೀಬೆಮರದ ಬಳಿಗೋ ಹೋಗಿ, ಕೊಂಬೆಗಳು ಕವಲೊಡೆಯುವ ಸಂದಿಯನ್ನು ತಾವು ನಿಧಾನವಾಗಿ ನೋಡಿದರೆ, ಅಲ್ಲಿಂದ ಹೊರಟು ಕಾಂಡವನ್ನು ಅಪ್ಪಿಕೊಂಡು ಅಂಕುಡೊಂಕಾಗಿ ಹರಿದಿರುವ, ಮರದ ಹೊಟ್ಟನ್ನೂ ಹಿಕ್ಕೆಯನ್ನೂ ಎಳೆಗಳಿಂದ ಹೆಣೆದು ಮಾಡಿದಂತೆ ತೋರುವ ಕಂದುಬಣ್ಣದ ಒಂದು ಪಟ್ಟಿ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಬೆರಳಿನಿಂದ ಸರಿಸಿದರೆ ಅದು ಜೇಡರ ಬಲೆಯಂತೆ ಮೆತ್ತಗೆ ಕಿತ್ತುಬರುತ್ತದೆ. ಅದರ ಅಡಿಯಲ್ಲಿ ತೊಗಟೆಯನ್ನು ಮೇದ ಹಸಿಗಾಯವೂ, ಆ ಗಾಯದ ಕೊನೆಯಲ್ಲಿ ಮರದೊಳಕ್ಕೆ ಇಳಿದುಹೋಗುವ ಒಂದು ದುಂಡನೆಯ ರಂಧ್ರವೂ ಕಾಣುತ್ತವೆ. ಮಾವು, ಸೀಬೆ, ಹಲಸು, ದಾಳಿಂಬೆ, ಕಿತ್ತಳೆ, ಎಲಚಿ, ಸಾಲುಮರವಾಗಿ ನೆಟ್ಟ ಗುಲ್‌ಮೊಹರ್, ಕಡಲ ತಡಿಯ ಗಾಳಿಮರ, ಕೊನೆಗೆ ನಮ್ಮ ನಾಡಿನ ಹೆಮ್ಮೆಯಾದ ಶ್ರೀಗಂಧ, ಹೀಗೆ ಒಂದಕ್ಕೊಂದು ಬಂಧುತ್ವವಿಲ್ಲದ ಅನೇಕ ವೃಕ್ಷಗಳ ಮೇಲೆ ಈ ಗುರುತು ದೊರೆಯುತ್ತದೆ.

ಘುಣವೆಂಬ ಹುಳು ಮರವನ್ನು ಕೊರೆಯುತ್ತ ಹೋದಾಗ ಅದರ ದಾರಿ ಒಮ್ಮೆ ಅಕ್ಷರದ ಆಕಾರವನ್ನು ತಾಳಿದರೆ ಅದನ್ನು ಹುಳುವಿನ ವಿದ್ಯೆಯೆಂದು ಎಣಿಸಲಾಗದೆಂಬ ತಾತ್ಪರ್ಯವುಳ್ಳ ಘುಣಾಕ್ಷರನ್ಯಾಯವನ್ನು ನಮ್ಮ ಶಾಸ್ತ್ರಕಾರರು ಯದೃಚ್ಛೆಯಿಂದ ಒದಗಿದ ಫಲಕ್ಕೆ ದೃಷ್ಟಾಂತವಾಗಿ ಬಳಸಿದರು. ನ್ಯಾಯದ ತಾತ್ಪರ್ಯವನ್ನು ನಾನು ಪ್ರಶ್ನಿಸಲಾರೆ. ಆದರೆ ಆ ದೃಷ್ಟಾಂತವನ್ನು ಮತ್ತೆ ಮತ್ತೆ ಕೇಳಿ, ಹುಳುವಿನ ಜಾಡಿನಲ್ಲಿ ಅರಿಯತಕ್ಕದ್ದೇನೂ ಇಲ್ಲವೆಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದ್ದರೆ, ಅದನ್ನು ಕಿತ್ತುಹಾಕುವ ಕಾಲ ಬಂದಿದೆ. ಪಟ್ಟಿ ಕವಲಿನಲ್ಲಿಯೇ ಏಕೆ ಮೊದಲಾಗುತ್ತದೆ, ಅದಕ್ಕೆ ಮಾಡು ಏಕೆ, ರಂಧ್ರಕ್ಕೂ ಗಾಯಕ್ಕೂ ಏನು ಸಂಬಂಧ ಎಂಬುದನ್ನು ವಿಚಾರಿಸುತ್ತ ಹೋದವನಿಗೆ ಆ ಜಾಡಿನಲ್ಲಿ ಒಂದು ಜೀವದ ಇಡೀ ವರ್ಷದ ದಿನಚರಿ ತೆರೆದುಕೊಳ್ಳುತ್ತದೆ.

ಭಾರತದಲ್ಲಿ ಈ ಕುಟುಂಬವನ್ನು ಮುಖ್ಯವಾಗಿ ಪ್ರತಿನಿಧಿಸುವುದು ಇಂಡಾರ್ಬೆಲಾ ಎಂಬ ಜಾತಿ. ಅದರಲ್ಲಿ ಕ್ವಾಡ್ರಿನೊಟಾಟಾ, ಟೆಟ್ರಾಓನಿಸ್ ಎಂಬ ಎರಡು ಪ್ರಭೇದಗಳು ತೋಟಗಾರಿಕೆಯ ಗ್ರಂಥಗಳಲ್ಲಿ ಹೆಚ್ಚಾಗಿ ಉಕ್ತವಾಗಿವೆ. ಬೇಸಗೆಯ ಕಡೆಯಲ್ಲಿ ಮೊದಲ ಮಳೆಗಳು ಬೀಳುವ ಸುಮಾರಿಗೆ, ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ, ಮಾಸಲು ಕಂದು ಮೈಯ, ರೆಕ್ಕೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳುಳ್ಳ ಸಣ್ಣ ಪತಂಗ ಹೊರಬರುತ್ತದೆ. ಹೂವಿನ ಮಧುವನ್ನು ಹೀರುವ ಸೊಂಡಿಲು ಇದಕ್ಕಿಲ್ಲ. ಮರಿಹುಳುವಾಗಿದ್ದಾಗ ಕೂಡಿಟ್ಟ ಮೇದಸ್ಸೇ ಇದರ ಬುತ್ತಿ. ಆ ಬುತ್ತಿ ತೀರುವುದರೊಳಗೆ, ಕೆಲವೇ ದಿನಗಳಲ್ಲಿ, ಸಂಗಾತಿಯನ್ನು ಅರಸಿ ಕೂಡಿ ಮೊಟ್ಟೆಯಿಟ್ಟು ಅದು ತನ್ನ ಬಾಳನ್ನು ಮುಗಿಸಬೇಕು. ಹೆಣ್ಣು ತೊಗಟೆಯ ಬಿರುಕುಗಳಲ್ಲಿಯೂ ಸಡಿಲವಾದ ಹೊಪ್ಪಳೆಗಳ ಅಡಿಯಲ್ಲಿಯೂ ಹದಿನೈದರಿಂದ ಇಪ್ಪತ್ತೈದರ ಗುಂಪುಗಳಾಗಿ ಮೊಟ್ಟೆಗಳನ್ನಿಡುತ್ತದೆ. ಎಂಟು ಹತ್ತು ದಿನಗಳಲ್ಲಿ ಮರಿಗಳು ಹೊರಬಂದು, ಮೊದಲು ತೊಗಟೆಯ ಮೇಲ್ಪದರವನ್ನು ಕೆರೆದು ತಿನ್ನುತ್ತ, ಬಳಿಕ ಒಂದೊಂದೂ ತನಗೆ ತಕ್ಕ ಸ್ಥಳವನ್ನು ಹುಡುಕಿಕೊಂಡು ಮರದೊಳಕ್ಕೆ ಕೊರೆಯತೊಡಗುತ್ತದೆ. ಕವಲಿನ ಸಂದಿಯೇ ಬಹುತೇಕ ಅದರ ಆಯ್ಕೆ.

ಒಂದು ರಂಧ್ರದಲ್ಲಿ ಸಾಮಾನ್ಯವಾಗಿ ಒಂದೇ ಹುಳು ವಾಸಮಾಡುತ್ತದೆ. ಕೆಲವು ವೇಳೆ ಗೇಣುದ್ದದ ತನಕ ಬೆಳೆಯುವ ಆ ಸುರಂಗ ಅದಕ್ಕೆ ಹಗಲಿನ ಮನೆ. ಕತ್ತಲಾದ ಮೇಲೆ ಅದು ಬಾಗಿಲಿಗೆ ಬಂದು, ಬಾಯಿಯ ಕೆಳಗಿರುವ ನೂಲುಗೊಳವೆಯಿಂದ ರೇಷ್ಮೆಯೆಳೆಯನ್ನು ಹೊರಡಿಸುತ್ತ, ಆ ಎಳೆಗೆ ತೊಗಟೆಯ ಚೂರುಗಳನ್ನೂ ತನ್ನ ಹಿಕ್ಕೆಯನ್ನೂ ಸೇರಿಸಿ ತಲೆಯ ಮೇಲೊಂದು ಮಾಡನ್ನು ನೇಯುತ್ತ, ಆ ಮಾಡಿನ ಮರೆಯಲ್ಲಿಯೇ ಮುಂದುವರಿದು ತೊಗಟೆಯನ್ನು ಮೇಯುತ್ತದೆ. ಬೆಳಗಾಗುವ ಮುನ್ನ ಹಿಂದಿರುಗಿ ಸುರಂಗವನ್ನು ಸೇರುತ್ತದೆ. ಹಸಿವು ಹೊರಗಿನದು, ಆಶ್ರಯ ಒಳಗಿನದು. ಇವೆರಡನ್ನೂ ಕೂಡಿಸುವ ಹಾದಿಯನ್ನು ಅದು ರಾತ್ರಿ ರಾತ್ರಿಯೂ ತಾನೇ ನೇಯ್ದುಕೊಳ್ಳಬೇಕು. ಒಂಬತ್ತು ಹತ್ತು ತಿಂಗಳ ಕಾಲ ಈ ವ್ರತ ನಡೆದು, ಹುಳು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಬೆಳೆದ ಮೇಲೆ ಸುರಂಗದೊಳಗೇ ಕೋಶಾವಸ್ಥೆಯನ್ನು ಹೊಂದುತ್ತದೆ. ಮೂರು ನಾಲ್ಕು ವಾರಗಳ ತರುವಾಯ ಆ ಕೋಶ ಜರುಗಿ ಜರುಗಿ ರಂಧ್ರದ ಬಾಯಿಗೆ ಬರುತ್ತದೆ. ಪತಂಗ ಹಾರಿಹೋದ ಮೇಲೆ ಬರಿದಾದ ಅದರ ಪೊರೆ ಅರ್ಧ ಒಳಗೆ ಅರ್ಧ ಹೊರಗೆ ಚಾಚಿಕೊಂಡು ಉಳಿಯುತ್ತದೆ. ಬೇಸಗೆಯಲ್ಲಿ ಮಾವಿನ ಕಾಂಡದ ಮೇಲೆ ಇಂತಹ ಪೊರೆಯನ್ನು ಕಂಡರೆ, ವರ್ಷಕ್ಕೆ ಒಂದೇ ಸಲ ತಿರುಗುವ ಈ ಸಂತತಿಚಕ್ರ ಅಲ್ಲಿ ಒಂದು ಸುತ್ತನ್ನು ಮುಗಿಸಿತೆಂದು ತಿಳಿಯಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಈ ಹುಳು ಮರವನ್ನು ಕೊರೆಯುತ್ತದೆ, ಆದರೆ ಮರದ ದಾರುವನ್ನು ಆಹಾರವಾಗಿ ನೆಚ್ಚಿಲ್ಲ. ಎಲೆಗಳಲ್ಲಿ ಸಿದ್ಧವಾದ ಸಕ್ಕರೆ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಪುಷ್ಟಿಯಿರುವುದು ಆ ತೆಳುಪದರದಲ್ಲಿ. ಅದನ್ನು ಬಿಟ್ಟು ಒಳಗಿನ ದಾರುವನ್ನೇ ತಿಂದು ಬೆಳೆಯತಕ್ಕ ಹುಳುಗಳು ಬಹುದೀರ್ಘವಾದ ಬಾಲ್ಯವನ್ನು ಕಳೆಯಬೇಕಾಗುತ್ತದೆ. ಮೆಟಾರ್ಬೆಲಿಡೀಗೆ ಅತ್ಯಂತ ಸಮೀಪದ ಬಂಧುವಾದ, ಕೆಲವು ವಿದ್ವಾಂಸರ ಮತದಲ್ಲಿ ಅದನ್ನು ತನ್ನೊಳಗೇ ಅಡಗಿಸಿಕೊಳ್ಳಬೇಕಾದ, ಕಾಸಿಡೀ ಎಂಬ ಕುಟುಂಬವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಯೂರೋಪಿನ ವಿಲ್ಲೋ ಮರಗಳಲ್ಲಿ ವಾಸಿಸುವ, ಹೋತದ ವಾಸನೆಯನ್ನು ಬೀರುವ ಕಾಸಸ್ ಪತಂಗದ ಮರಿಹುಳು ಬೆಳೆಯಲು ಮೂರು ನಾಲ್ಕು ವರ್ಷಗಳನ್ನು ತೆಗೆದುಕೊಳ್ಳುತ್ತದೆ. ಆಸ್ಟ್ರೇಲಿಯದ ನೀಲಗಿರಿಮರಗಳಲ್ಲಿ ಬೆಳೆಯುವ ಎಂಡಾಕ್ಸೈಲಾ ಎಂಬ ಬೃಹತ್ಪತಂಗದ ಹೆಣ್ಣು ಮೂವತ್ತು ಗ್ರಾಂ ತೂಗಬಲ್ಲುದು. ಪತಂಗಗಳಲ್ಲಿ ಅದಕ್ಕಿಂತ ಭಾರವಾದುದಿಲ್ಲ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರು ಕೆಂಪು ಕೊರಕವೆಂದು ಕರೆಯುವ ಜ್ಯೂಜೆರಾ ಕಾಫಿಯೇ ಕೂಡ ಆ ಕುಟುಂಬಕ್ಕೇ ಸೇರಿದುದು. ಸಿಂಹಳದ ಕಾಫಿತೋಟಗಳಲ್ಲಿ ಅದನ್ನು ಗುರುತಿಸಿ 1861ರಲ್ಲಿ ವರ್ಣಿಸಿದವನು ನೀಟ್ನರ್. ಬೆಳೆಗಾರರನ್ನು ಹೆಚ್ಚು ಕಾಡುವ ಬಿಳಿ ಕಾಂಡಕೊರಕ ದುಂಬಿಯ ವರ್ಗದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮರದೊಳಗಿನ ಒಂದು ಹುಳುವನ್ನು ಎಷ್ಟು ಶ್ರದ್ಧೆಯಿಂದ ಅಭ್ಯಾಸಮಾಡಬಹುದೆಂಬುದಕ್ಕೆ ಜಗತ್ತಿನಲ್ಲಿ ಒಂದು ಮಹೋದಾಹರಣೆ ಉಂಟು. ಹಾಲೆಂಡಿನ ಹೇಗ್ ನಗರದಲ್ಲಿ ವಾಸವಾಗಿದ್ದ, ವೃತ್ತಿಯಿಂದ ನ್ಯಾಯವಾದಿಯಾದ ಪಿಯೇರ್ ಲಿಯೋನೆ ಎಂಬವನು ವಿಲ್ಲೋ ಮರವನ್ನು ಕೊರೆಯುವ ಆ ಕಾಸಸ್ ಮರಿಹುಳುವೊಂದನ್ನೇ ವಿಷಯವಾಗಿಟ್ಟುಕೊಂಡು, ಅದರ ಶರೀರವನ್ನು ಎಳೆಯೆಳೆಯಾಗಿ ಬಿಡಿಸಿ, ತಾನು ಕಂಡುದನ್ನು ಬೇರೊಬ್ಬರ ಕೈಗೆ ಒಪ್ಪಿಸದೆ ತಾನೇ ತಾಮ್ರಫಲಕಗಳ ಮೇಲೆ ಕೊರೆದು, 1760ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮನುಷ್ಯನ ದೇಹದಲ್ಲಿ ಆರುನೂರಕ್ಕೆ ಸ್ವಲ್ಪ ಮಿಗಿಲಾಗಿ ಮಾಂಸಪೇಶಿಗಳಿದ್ದರೆ, ಆ ಒಂದು ಹುಳುವಿನಲ್ಲಿ ಅವನು ಎಣಿಸಿದ ಪೇಶಿಗಳು ನಾಲ್ಕು ಸಾವಿರವನ್ನು ಮೀರಿದುವು. ಇದು ಮನುಷ್ಯನ ಕೈಯಿಂದ ಆಗತಕ್ಕ ಕೆಲಸವೇ ಎಂದು ಸಮಕಾಲೀನರು ಸಂಶಯಪಟ್ಟಾಗ, ಅವನು ಎರಡನೆಯ ಮುದ್ರಣದಲ್ಲಿ ತಾನು ಬಳಸಿದ ಉಪಕರಣಗಳನ್ನೇ ವರ್ಣಿಸಿ ಉತ್ತರವಿತ್ತನು. ಅಂಗರಚನಾಶಾಸ್ತ್ರದ ಇತಿಹಾಸದಲ್ಲಿ ಈ ಗ್ರಂಥಕ್ಕೆ ಸಮನಾದ ಏಕಾಗ್ರತೆಯ ನಿದರ್ಶನಗಳು ವಿರಳವೆಂದು ನನ್ನ ಅಭಿಪ್ರಾಯ. ರಾಜಾಸ್ಥಾನದ ಆಶ್ರಯವಾಗಲಿ ಪ್ರಯೋಗಶಾಲೆಯ ವೈಭವವಾಗಲಿ ಇಲ್ಲದೆ, ಬಿಡುವಿನ ವೇಳೆಯಲ್ಲಿ ಒಬ್ಬ ಗೃಹಸ್ಥ ಇದನ್ನು ಸಾಧಿಸಿದನೆಂಬುದು ವಿಶೇಷವಾಗಿ ನಮ್ಮ ಮನನಕ್ಕೆ ಯೋಗ್ಯವಾಗಿದೆ.

ಮೆಟಾರ್ಬೆಲಿಡೀಗೆ ಇಂತಹ ಒಬ್ಬ ಲಿಯೋನೆ ದೊರೆಯಲಿಲ್ಲ. ನಮ್ಮ ಕ್ವಾಡ್ರಿನೊಟಾಟಾ ಪ್ರಭೇದಕ್ಕೆ 1856ರಲ್ಲಿ ನಾಮಕರಣಮಾಡಿದ ಫ್ರಾನ್ಸಿಸ್ ವಾಕರ್ ಬ್ರಿಟಿಷ್ ವಸ್ತುಸಂಗ್ರಹಾಲಯದ ಕೀಟಗಳಿಗೆ ಸೂಚಿಗಳನ್ನು ಸಿದ್ಧಪಡಿಸುತ್ತಿದ್ದವನು. ಅವನ ಮುಂದಿದ್ದುದು ಸೂಜಿಗೆ ಚುಚ್ಚಿ ಒಣಗಿಸಿದ ಪತಂಗ ಮಾತ್ರ. 1879ರಲ್ಲಿ ಫ್ರೆಡರಿಕ್ ಮೂರ್ ಇವುಗಳಿಗೆ ಕೊಟ್ಟ ಜಾತಿನಾಮ ಅದಾಗಲೇ ಬೇರೊಂದು ತಿಗಣೆಯ ಪಾಲಾಗಿದ್ದುದರಿಂದ, ಪೂಸಾದಲ್ಲಿ ಸಾಮ್ರಾಜ್ಯದ ಕೀಟಶಾಸ್ತ್ರಜ್ಞರಾಗಿದ್ದ ಬೇನ್‌ಬ್ರಿಗ್ ಫ್ಲೆಚರ್ ಅವರು 1922ರಲ್ಲಿ ಇಂಡಾರ್ಬೆಲಾ ಎಂಬ ಈಗಿನ ಹೆಸರನ್ನು ಇಟ್ಟರು. ಈ ನಡುವೆ, ನಮ್ಮ ನೆರೆಯ ನೀಲಗಿರಿಯಲ್ಲಿ ಚಹಾ ಬೆಳೆಗಾರನಾಗಿದ್ದ ಜಾರ್ಜ್ ಹ್ಯಾಂಪ್ಸನ್, ಭಾರತದ ಪ್ರಾಣಿಸಂಪತ್ತನ್ನು ಕುರಿತ ಪ್ರಸಿದ್ಧ ಗ್ರಂಥಮಾಲೆಯ ಪತಂಗಸಂಪುಟಗಳಲ್ಲಿ ಮೊದಲನೆಯದನ್ನು 1892ರಲ್ಲಿ ಹೊರತಂದಾಗ, ಈ ಕುಟುಂಬಕ್ಕೂ ಅದರಲ್ಲಿ ಒಂದು ಸ್ಥಾನವನ್ನು ಕಲ್ಪಿಸಿದನು. ಕಾಡಿನ ಕೀಟಗಳ ವಿಚಾರದಲ್ಲಿ ದೆಹರಾದೂನಿನ ಬೀಸನ್ ಅವರ 1941ರ ಮಹಾಗ್ರಂಥ ಇಂದಿಗೂ ನಮಗೆ ಆಧಾರವಾಗಿದೆ. ಇಷ್ಟನ್ನು ಬಿಟ್ಟರೆ ನಮ್ಮ ದೇಶದಲ್ಲಿ ಬಂದುದೆಲ್ಲವೂ ಪ್ರಾಯಶಃ ಪೀಡೆಯ ನಿವಾರಣೆಗೆ ಸಂಬಂಧಪಟ್ಟ ಬರಹಗಳೇ.

ಕುಟುಂಬದ ಬಹುಭಾಗ ಪ್ರಭೇದಗಳು ಆಫ್ರಿಕಾಖಂಡದವು. ಆ ಖಂಡದ ಮಗ್ಗುಲಲ್ಲಿಯೇ ಇರುವ ಮಡಗಾಸ್ಕರ್ ದ್ವೀಪದಲ್ಲಿ ಇವು ಕಂಡುಬಂದಿಲ್ಲವೆಂಬುದು ಭೂಗೋಳಶಾಸ್ತ್ರಜ್ಞನನ್ನೂ ಚಿಂತೆಗೆ ಹಚ್ಚತಕ್ಕ ಸಂಗತಿ. ಈ ಶತಮಾನದಲ್ಲಿ ಇಂಗೋ ಲೇಮನ್ ಎಂಬ ಜರ್ಮನ್ ವಿದ್ವಾಂಸರು ಆಫ್ರಿಕಾದ ಮೆಟಾರ್ಬೆಲಿಡೀಯನ್ನು ತಮ್ಮ ಮುಖ್ಯ ವ್ಯಾಸಂಗವನ್ನಾಗಿ ಮಾಡಿಕೊಂಡು, ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಹೆಸರಿಲ್ಲದೆ ಉಳಿದಿದ್ದ ಎಷ್ಟೋ ಪತಂಗಗಳಿಗೆ ಹೊಸ ಜಾತಿಗಳನ್ನೂ ಪ್ರಭೇದಗಳನ್ನೂ ಸ್ಥಾಪಿಸುತ್ತ ಬಂದಿದ್ದಾರೆ. ಅಲ್ಪಾಯುವಾದ, ಆಹಾರವನ್ನೇ ಮುಟ್ಟದ ಪತಂಗ ಬಹುದೂರ ಹಾರಿಹೋಗಲಾರದು. ಆದುದರಿಂದ ಇಂತಹ ಕುಟುಂಬದ ಒಂದು ಪ್ರಭೇದ ಒಂದು ವನದಲ್ಲಿ ಮಾತ್ರ ನೆಲಸಿದ್ದರೆ ಆ ವನದ ಪ್ರಾಚೀನತೆಗೆ ಅದು ಸಾಕ್ಷಿಯಾಗಬಹುದು. ಪಶ್ಚಿಮಘಟ್ಟದಂತಹ ಪುರಾತನ ಅರಣ್ಯವನ್ನು ಮನೆಯ ಬಾಗಿಲಲ್ಲಿಯೇ ಪಡೆದಿರುವ ನಾವು ಈ ದೃಷ್ಟಿಯಿಂದ ನಮ್ಮ ಪತಂಗಗಳನ್ನು ನೋಡಬೇಡವೆ?

ಉಪೇಕ್ಷೆಗೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಪತಂಗದಲ್ಲಿ ಕಣ್ಸೆಳೆಯುವ ಬಣ್ಣವಿಲ್ಲ. ಅದು ಹೂವಿಗೂ ಬರದು, ಬೆಲ್ಲದ ಪಾಕವನ್ನು ಸವರಿಟ್ಟು ಕಾದರೂ ಬರದು. ಬದುಕಿರುವುದೇ ಕೆಲವು ರಾತ್ರಿಗಳು. ಹುಳುವಾದರೋ ಮರದ ಗರ್ಭದಲ್ಲಿ ಅಡಗಿರುತ್ತದೆ. ಆದರೆ ಇವೆಲ್ಲಕ್ಕಿಂತ ಬಲವಾದ ಕಾರಣ ಬೇರೆಯಿದೆಯೆಂದು ನನಗೆ ತೋರುತ್ತದೆ. ಒಂದು ಜೀವಿಯನ್ನು ಪೀಡೆಯೆಂದು ಕರೆದೊಡನೆ ಅದರ ವಿಷಯದಲ್ಲಿ ನಮ್ಮ ಜಿಜ್ಞಾಸೆ ಮುಗಿದುಹೋಗುತ್ತದೆ. ಕೊಲ್ಲುವ ಉಪಾಯವೊಂದು ದೊರೆತರೆ ಅರಿಯುವ ಕಾರ್ಯವೂ ಪೂರೈಸಿತೆಂದು ನಾವು ಭಾವಿಸುತ್ತೇವೆ. ಅರಿಯದೆ ಮಾಡಿದ ಉಪಾಯ ನಿಲ್ಲುವುದಿಲ್ಲವೆಂಬುದಕ್ಕೂ, ಅರಿತು ಮಾಡಿದುದು ತಲೆಮಾರುಗಳ ಕಾಲ ನಿಲ್ಲುತ್ತದೆಂಬುದಕ್ಕೂ ನಮ್ಮ ನಾಡಿನ ಕೃಷಿಯೇ ಪ್ರಮಾಣ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮದ್ದನ್ನು ಹೇಳುವ ಮುನ್ನ ಆ ಶಿಲೀಂಧ್ರದ ಜೀವನವನ್ನು ಮಳೆಗಾಲದುದ್ದಕ್ಕೂ ಅಭ್ಯಾಸಮಾಡಿದರು. ಅವರು ಬಳಕೆಗೆ ತಂದ ಬೋರ್ಡೋ ದ್ರಾವಣವನ್ನು ಅಡಕೆಯ ಗೊನೆಗಳಿಗೆ ಸಿಂಪಡಿಸುವ ಪದ್ಧತಿ ಶತಮಾನ ಕಳೆದರೂ ನಡೆದುಬಂದಿದೆ.

ತೊಗಟೆಹುಳುವಿನ ಚಿಕಿತ್ಸೆಯೂ ಅದರ ದಿನಚರಿಯನ್ನು ಅರಿತವನಿಗೆ ಮಾತ್ರ ಸಾಧ್ಯ. ಹುಳು ಹಗಲಿನಲ್ಲಿ ಸುರಂಗದೊಳಗಿರುವುದರಿಂದ ಕಾಂಡದ ಮೇಲೆ ಸಿಂಪಡಿಸಿದ ಔಷಧ ಅದನ್ನು ಮುಟ್ಟುವುದಿಲ್ಲ. ಪಟ್ಟಿಯನ್ನು ಗುಡಿಸಿ ತೆಗೆದು, ರಂಧ್ರವನ್ನು ಹುಡುಕಿ, ತಂತಿಯಿಂದ ಹುಳುವನ್ನು ಎಳೆಯುವುದು, ಎಟುಕದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ ಬಾಯನ್ನು ಹಸಿಮಣ್ಣಿನಿಂದ ಮೆತ್ತುವುದು, ಇದು ತೋಟಗಾರರು ಅನುಸರಿಸುತ್ತ ಬಂದಿರುವ ಕ್ರಮ. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ರೋಗಗ್ರಸ್ತವಾದ ಮರಕ್ಕೆ ಮೊದಲು ಶಸ್ತ್ರದಿಂದ ಶೋಧನವನ್ನೂ, ಆಮೇಲೆ ವಾಯುವಿಡಂಗ, ತುಪ್ಪ, ಕೆಸರುಗಳ ಲೇಪವನ್ನೂ ವಿಧಿಸಿರುವುದನ್ನು ನೋಡಿದರೆ, ಗಾಯವನ್ನು ತೊಳೆದು ಮಣ್ಣಿನಿಂದ ಮುಚ್ಚುವ ವಿವೇಕ ನಮ್ಮಲ್ಲಿ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ನಮ್ಮ ಇಮ್ಮಡಿ ಚಾವುಂಡರಾಯನೂ ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟು ಆ ವಿದ್ಯೆಯನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ಉಪದೇಶಿಸಿದನು. ಈ ದತ್ತಿಯ ಉದ್ದೇಶಕ್ಕೆ ಅವನಿಗಿಂತ ಪ್ರಾಚೀನನಾದ ಪೂರ್ವಸೂರಿಯನ್ನು ನಾವು ಅರಸಬೇಕಾಗಿಲ್ಲ.

ಈಚೆಗೆ ರಾಸಾಯನಿಕಗಳಿಗೆ ಬದಲಾಗಿ ಬ್ಯೂವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರವನ್ನು ಇಂತಹ ಹುಳುಗಳ ಮೇಲೆ ಪ್ರಯೋಗಿಸುವ ಮಾತು ಕೇಳಿಬರುತ್ತಿದೆ. ಇದರಲ್ಲಿ ನಮ್ಮ ನಾಡಿನವರು ವಿಶೇಷವಾಗಿ ಎಚ್ಚರವಹಿಸಬೇಕಾದ ಅಂಶವಿದೆ. ರೇಷ್ಮೆಹುಳುಗಳನ್ನು ಸುಣ್ಣದ ಕಡ್ಡಿಗಳಂತೆ ಬಿಳುಪಾಗಿ ಬಿರುಸಾಗಿ ಮಾಡಿ ಕೊಲ್ಲುವ ಸುಣ್ಣಕಟ್ಟು ರೋಗವನ್ನು ರಾಮನಗರ, ಕೋಲಾರಗಳ ರೇಷ್ಮೆ ಬೆಳೆಗಾರರು ಚೆನ್ನಾಗಿ ಬಲ್ಲರು. ಇಟಲಿಯ ಅಗಸ್ಟೀನೊ ಬಾಸಿ 1835ರಲ್ಲಿ ಆ ರೋಗದ ಕಾರಣವನ್ನು ಕಂಡುಹಿಡಿದಾಗ ಅವನಿಗೆ ದೊರೆತುದು ಇದೇ ಶಿಲೀಂಧ್ರ. ತೊಗಟೆಹುಳುವೂ ರೇಷ್ಮೆಹುಳುವೂ ಒಂದೇ ಗಣದ ಜೀವಿಗಳು, ಒಂದೇ ಬಗೆಯ ಗ್ರಂಥಿಯಿಂದ ನೂಲನ್ನು ತೆಗೆಯತಕ್ಕವು. ಹಿಪ್ಪುನೇರಳೆಯ ತೋಟ ಪಕ್ಕದಲ್ಲಿರುವಾಗ ಮಾವಿನ ಮರಕ್ಕೆ ಈ ಮದ್ದನ್ನು ಹಾಕತಕ್ಕದ್ದಲ್ಲ.

ಹಳೆಯದಾಗಿ ಆರೈಕೆಯಿಲ್ಲದೆ ಒತ್ತಾಗಿ ಬೆಳೆದ ತೋಪುಗಳಲ್ಲಿ ಈ ಹುಳು ಹೆಚ್ಚು; ಗಾಳಿ ಬೆಳಕುಗಳು ಆಡುವ, ಒಣಕೊಂಬೆಗಳನ್ನು ಕಾಲಕಾಲಕ್ಕೆ ತೆಗೆದು ಓರಣವಾಗಿಟ್ಟ ತೋಟಗಳಲ್ಲಿ ಕಡಮೆ. ಕೇರಳದಲ್ಲಿ ತೇಗದ ಕಾಂಡವನ್ನು ಕೊರೆಯುವ ಕಾಸಿಡೀ ಪತಂಗವೊಂದರ ಅಭ್ಯಾಸದಿಂದಲೂ ಇಂತಹುದೇ ಅಂಶ ಹೊರಬಿತ್ತು: ಸೊಪ್ಪಿಗೂ ಸೌದೆಗೂ ಕೊಂಬೆಗಳನ್ನು ಕಡಿದು ಗಾಯಮಾಡಿದ ಮರಗಳೇ ಅದಕ್ಕೆ ಹೆಚ್ಚಾಗಿ ತುತ್ತಾಗುತ್ತವೆ. ಹುಳುವಿನ ಮೇಲೆ ಹೊರಿಸುವ ದೋಷದಲ್ಲಿ ಎಷ್ಟು ಪಾಲು ನಮ್ಮ ಕತ್ತಿಗೆ ಸಲ್ಲತಕ್ಕದ್ದೆಂಬುದನ್ನು ಪ್ರಾಮಾಣಿಕವಾಗಿ ವಿಚಾರಿಸಬೇಕು. 2001ರ ಕಾನೂನು ತಿದ್ದುಪಡಿಯಿಂದ ಶ್ರೀಗಂಧದ ಮರ ಭೂಮಿಯ ಒಡೆಯನ ಸ್ವತ್ತಾದ ಮೇಲೆ ನಮ್ಮ ಬಯಲುಸೀಮೆಯ ಅನೇಕ ರೈತರು ಗಂಧದ ಸಸಿಗಳನ್ನು ಹೊಲಗಳಲ್ಲಿ ನೆಟ್ಟಿದ್ದಾರೆ. ಆ ಮರದ ಬೆಲೆಯೆಲ್ಲವೂ ಒಳಗಿನ ಚೇಗಿನಲ್ಲಿರುವುದರಿಂದ, ಕಾಂಡವನ್ನು ಕೊರೆಯುವ ಹುಳುಗಳ ಜ್ಞಾನ ಅವರಿಗೆ ಇನ್ನು ಜೀವನದ ಅವಶ್ಯಕತೆಯಾಗಿ ಪರಿಣಮಿಸಿದೆ.

ಆದುದರಿಂದ ಈ ಸಭೆಯಲ್ಲಿರುವ ತೋಟಗಾರರಿಗೂ, ಶಾಲೆಗಳ ಉಪಾಧ್ಯಾಯರಿಗೂ, ಅರಣ್ಯದ ಸೇವೆಯಲ್ಲಿರುವವರಿಗೂ ನನ್ನದೊಂದು ಪ್ರಾರ್ಥನೆ. ತಮ್ಮ ಮರದಲ್ಲಿ ತೊಗಟೆಹುಳುವಿನ ಪಟ್ಟಿಯನ್ನು ಕಂಡಾಗ ಎಲ್ಲ ರಂಧ್ರಗಳನ್ನೂ ಒಮ್ಮೆಗೇ ಮುಚ್ಚದೆ ಒಂದೆರಡನ್ನು ಬಿಡಿ. ಮಾರ್ಚಿ ತಿಂಗಳು ಮುಗಿಯುವುದರೊಳಗಾಗಿ ಅವುಗಳ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆಯನ್ನು ಚೀಲದಂತೆ ಕಟ್ಟಿ, ಜೂನ್ ಕಳೆಯುವವರೆಗೂ ಪ್ರತಿದಿನ ಬೆಳಗ್ಗೆ ನೋಡುತ್ತ ಬನ್ನಿ. ಪತಂಗ ಹೊರಬಂದ ದಿನ, ಹಿಂದಿನ ರಾತ್ರಿ ಮಳೆ ಬಿದ್ದಿತ್ತೆ ಇಲ್ಲವೆ, ಮರ ಯಾವುದು, ರಂಧ್ರ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಊರು ಯಾವುದು ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಪತಂಗವನ್ನೂ ಅದು ಬಿಟ್ಟುಹೋದ ಪೊರೆಯನ್ನೂ ಆ ಚೀಟಿಯೊಂದಿಗೆ ಹತ್ತಿರದ ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರ ವಿಭಾಗಕ್ಕಾಗಲಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗಾಗಲಿ ತಲಪಿಸಿರಿ. ಮರಿಯ ಆಹಾರವೃಕ್ಷವೂ ಹುಟ್ಟಿದ ದಿನವೂ ನಿಶ್ಚಯವಾಗಿ ಗೊತ್ತಿರುವ ಒಂದು ಪತಂಗ, ದೀಪಕ್ಕೆ ಬಂದು ಬಿದ್ದ ಹತ್ತು ಪತಂಗಗಳಿಗಿಂತ ವಿದ್ವಾಂಸನಿಗೆ ಹೆಚ್ಚು ಉಪಯುಕ್ತ. ಬರುವ ಬೇಸಗೆಯಲ್ಲಿಯೇ ಈ ಕೆಲಸವನ್ನು ಪ್ರಾರಂಭಿಸಬೇಕೆಂದು ತಮ್ಮೆಲ್ಲರನ್ನೂ ವಿನಯಪೂರ್ವಕವಾಗಿ ಬೇಡುತ್ತೇನೆ.